ದಮ್ಮು ಬಿಡುವ ಜಾಗ

ಕಬಡ್ಡಿಯಲ್ಲಿ ರೈಡ್‌ಗೆ ಹೋದವನಿಗೆ ಸಿಗುವುದು 30 ಸೆಕೆಂಡು. ಅಷ್ಟರಲ್ಲಿ ಒಂದೇ ದಮ್ಮು ಹಿಡಿದು ಎದುರಾಳಿಗಳನ್ನು ಮುಟ್ಟಿ, ನಡುಗೆರೆ ದಾಟಿ ವಾಪಸು ಬರಬೇಕು. ಬಂದಮೇಲೆ ತನ್ನವರ ನಡುವೆ ನಿಂತು ಧಾರಾಳವಾಗಿ ಉಸಿರಾಡಬಹುದು.

ಪೆರೇಸಂದ್ರದಂಥ ಹೆದ್ದಾರಿ ಊರಿನಿಂದ ಬಸ್ಸು ಹತ್ತಿ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುವ ಒಬ್ಬ ರೈಡರ್‌ನನ್ನು ಊಹಿಸಿಕೊಳ್ಳಿ. ಅವನ ಮನಸ್ಸು ಒಲಿಯುವುದು ಹುಡುಗಿಯರತ್ತ ಅಲ್ಲ, ಹುಡುಗರತ್ತ. ಅವನು ತನ್ನ ಅಂಕಣಕ್ಕೆ ಮರಳಿದ ಮೇಲೂ ದಮ್ಮು ಬಿಡುವಂತಿಲ್ಲ. ಈ ಅಧ್ಯಾಯ ಅಂಥವನ ಕುರಿತು.

ಬೈಗುಳ ತಾಗುವುದು ಯಾರಿಗೆ?

ಗಂಡಿನ ಒಲವು ಗಂಡಿನತ್ತಲೇ ಇದ್ದರೆ ಅದನ್ನು ಸಲಿಂಗ ಒಲವು ಎನ್ನುತ್ತೇವೆ; ಅಂಥ ಅನೇಕರು ತಮ್ಮನ್ನು ‘ಗೇ’ ಎಂದು ಕರೆದುಕೊಳ್ಳುತ್ತಾರೆ. ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ತೊಡೆಯ ಬಲಕ್ಕೂ ಕಾಲಿನ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ.

ಆದರೆ ಮೈದಾನದ ಭಾಷೆ ಹಾಗೆ ನಂಬುವುದಿಲ್ಲ. ಹಿಡಿತ ತಪ್ಪಿದವನಿಗೆ “ಬಳೆ ತೊಟ್ಕೊಂಡು ಮನೇಲಿ ಕೂತ್ಕೊ ಹೋಗೋ” ಎಂಬ ಮಾತು ಬೀಳುತ್ತದೆ. ಬೈದವನು ಅಭ್ಯಾಸ ಮುಗಿಯುವಷ್ಟರಲ್ಲಿ ಮರೆತಿರುತ್ತಾನೆ, ಬೈಸಿಕೊಂಡವನು ನಕ್ಕು ಕೊಡವಿಕೊಂಡಿರುತ್ತಾನೆ. ಪಕ್ಕದಲ್ಲಿ ಸುಮ್ಮನೆ ನಿಂತು ಕೇಳಿಸಿಕೊಂಡವನಿಗೆ ಮಾತ್ರ ಅದು ತೀರ್ಪಿನಂತೆ ಉಳಿಯುತ್ತದೆ. ಪರವೂರಿನ ಪಂದ್ಯಾವಳಿಗೆ ಹೋದಾಗ ಹಾಲ್‌ನಲ್ಲಿ ಸಾಲಾಗಿ ಜಮಖಾನೆ ಹಾಸಿ ಮಲಗುತ್ತಾರಲ್ಲ, ಆಗ ಹುಡುಗಿಯರ ಮಾತು ಶುರುವಾಗುತ್ತದೆ. ಅವನು ಇಲ್ಲದ ಹುಡುಗಿಯೊಬ್ಬಳ ಕತೆ ಕಟ್ಟಬೇಕು, ಇಲ್ಲವೇ ನಿದ್ದೆ ಬಂದಂತೆ ಮಗ್ಗುಲಾಗಬೇಕು.

ಹತ್ತು ವರ್ಷದ ಅಂತರ

ಅಮೆರಿಕದ ಎರಿಕ್ ಆ್ಯಂಡರ್‌ಸನ್ ಪ್ರೌಢಶಾಲೆಯೊಂದರಲ್ಲಿ ಓಟದ ಕೋಚ್ ಆಗಿದ್ದವರು. 1993ರಲ್ಲಿ ತಾವು ಗೇ ಎಂದು ಬಹಿರಂಗವಾಗಿ ಹೇಳಿದರು. ಮುಂದೆ ಸಮಾಜಶಾಸ್ತ್ರಜ್ಞರಾಗಿ, ಶಾಲೆ-ಕಾಲೇಜು ತಂಡಗಳಲ್ಲಿ ಹಾಗೆ ಹೇಳಿಕೊಂಡ ಹುಡುಗರನ್ನು ಮಾತನಾಡಿಸಿದರು.

2002ರಲ್ಲಿ ಪ್ರಕಟವಾದ ಅವರ ಮೊದಲ ಅಧ್ಯಯನದಲ್ಲಿ ಕಂಡದ್ದು ಹೊಡೆತ-ಬಡಿತವಲ್ಲ, ಮೌನ. ವಿಷಯ ಗೊತ್ತಾದ ಮೇಲೂ ತಂಡದವರು ಅದನ್ನು ಎತ್ತುತ್ತಿರಲಿಲ್ಲ. ಅವನೂ ಎತ್ತಬಾರದು ಎಂಬುದು ಬಾಯಿಬಿಟ್ಟು ಹೇಳದ ಕರಾರು. ಇನ್ನೊಂದು ಸಂಗತಿ: ಹೇಳುವ ಧೈರ್ಯ ಮಾಡಿದವರಲ್ಲಿ ಹೆಚ್ಚಿನವರು ತಂಡದ ಉತ್ತಮ ಆಟಗಾರರು. ತಂಡಕ್ಕೆ ಅವರು ಬೇಕಿತ್ತು, ಅದೇ ಅವರ ರಕ್ಷೆ.

2011ರ ಅಧ್ಯಯನದಲ್ಲಿ 2008ರಿಂದ 2010ರ ನಡುವೆ ಹೇಳಿಕೊಂಡ 26 ಮಂದಿಯನ್ನು ಹಳೆಯ 26 ಮಂದಿಯ ಜೊತೆ ಹೋಲಿಸಿದರು. ಹೊಸಬರ ಅನುಭವ ಎಷ್ಟೋ ಹಗುರವಾಗಿತ್ತು. ಅವರು ಹಳಬರಿಗಿಂತ ಚೆನ್ನಾಗಿ ಆಡುತ್ತಿದ್ದರು ಎಂದಲ್ಲ, ಜೊತೆಗಾರರು ಬದಲಾಗಿದ್ದರು.

ಹೇಳಿದ ಮೇಲೆ

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕೆಲ್ ಸ್ಯಾಮ್ 2013ರ ಆಗಸ್ಟ್‌ನಲ್ಲಿ ತಾನು ಗೇ ಎಂದು ತಂಡದವರಿಗೆ ತಿಳಿಸಿದ. ಅವನೇ 2014ರ ಫೆಬ್ರುವರಿಯಲ್ಲಿ ಜಗತ್ತಿಗೆ ಹೇಳುವ ತನಕ ತಂಡ ಅದನ್ನು ಕಾಪಾಡಿಕೊಂಡಿತು. ಆ ಋತುವಿನಲ್ಲಿ ತಂಡ 14 ಪಂದ್ಯಗಳಲ್ಲಿ 12 ಗೆದ್ದಿತ್ತು.

ನಮ್ಮ ದೇಶದಲ್ಲಿ ಈ ದಾರಿ ತೆರೆದವಳು ಒಡಿಶಾದ ಓಟಗಾರ್ತಿ ದ್ಯುತಿ ಚಂದ್. ತನ್ನ ಸಂಗಾತಿ ಹೆಣ್ಣು ಎಂದು 2019ರ ಮೇ ತಿಂಗಳಲ್ಲಿ ಹೇಳಿದಾಗ ಮನೆಯೊಳಗಿನಿಂದಲೇ ವಿರೋಧ ಬಂತು. ಜುಲೈನಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ ಆಕೆ 100 ಮೀಟರನ್ನು 11.32 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದಳು.

ಕಾನೂನು ಯಾರ ಪರ?

ಆಕೆಯ ಬೆನ್ನಿಗೆ ಎರಡು ತೀರ್ಪುಗಳಿದ್ದವು. ಮೊದಲನೆಯದಕ್ಕೆ ಕಾರಣರಾದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಪ್ರಶ್ನಿಸಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಲೈಂಗಿಕ ಒಲವೂ ಅದರೊಳಗೇ ಸೇರುತ್ತದೆ ಎಂದಿತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ವಯಸ್ಕರಿಬ್ಬರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬಂತು.

ಕಾಲೇಜು ಆವರಣಕ್ಕೆ ಇನ್ನೂ ಹತ್ತಿರದ ನಿಯಮವೊಂದಿದೆ. ಲೈಂಗಿಕ ಒಲವನ್ನು ನೆಪ ಮಾಡಿಕೊಂಡು ಹೀಯಾಳಿಸುವುದು, ಹೊರಗಿಡುವುದು ರ‍್ಯಾಗಿಂಗ್ ಎಂದು ಯುಜಿಸಿ 2016ರ ತಿದ್ದುಪಡಿಯಲ್ಲಿ ಸೇರಿಸಿದೆ. ದೂರಿಗೆ 1800-180-5522, ಮನಸ್ಸು ಕುಸಿದಾಗ ಮಾತಾಡಲು ಟೆಲಿ-ಮಾನಸ್‌ನ 14416, ಎರಡೂ ಉಚಿತ.

ತಂಡದ ಕೈಯಲ್ಲಿರುವುದು

ಖಾಸಗಿತನ ಹಕ್ಕು ಎಂದರೆ ಹೇಳುವುದೂ ಹೇಳದಿರುವುದೂ ಅವನಿಗೇ ಸೇರಿದ್ದು. ಗೆಳೆಯನೊಬ್ಬ ನಂಬಿ ಹೇಳಿದರೆ ಅದು ನಿಮ್ಮಲ್ಲೇ ಉಳಿಯಲಿ. ನಮ್ಮ ಊರುಗಳಲ್ಲಿ ಸುದ್ದಿ ಬಸ್ಸಿಗಿಂತ ಮೊದಲು ಮನೆ ತಲುಪುತ್ತದೆ. ಮನೆ ತಲುಪಿದರೆ ಓದು ಬಿಡಿಸಿ ಮದುವೆ ಗೊತ್ತುಮಾಡುವ ಅಪಾಯವೂ ಉಂಟು. ‘ಬಳೆ ತೊಟ್ಕೊ’ ಎಂದವನನ್ನು ಪಿ.ಡಿ. ಸರ್ ಒಮ್ಮೆ ತಡೆದು, “ಈ ಮಾತು ನಮ್ಮ ಮೈದಾನದಲ್ಲಿ ಬೇಡ” ಎಂದರೆ ಸಾಕು. ಕೇಳಿಸಿಕೊಳ್ಳಬೇಕಾದವನು ಕೇಳಿಸಿಕೊಂಡಿರುತ್ತಾನೆ.

ಕಬಡ್ಡಿ ತಂಡದಲ್ಲಿ ಅಂಕಣದೊಳಗೆ 7 ಮಂದಿ, ಹೊರಗೆ ಬದಲಿಯಾಗಿ 5 ಮಂದಿ. ಎಲ್ಲರಿಗೂ ಬೇಕಾದ ರೈಡರ್ ತನ್ನ ಗುಟ್ಟು ಹೇಳಿ ದಕ್ಕಿಸಿಕೊಂಡರೆ ಅದು ಅವನ ಆಟದ ಬಲ. ಇಡೀ ಪಂದ್ಯಾವಳಿ ಬೆಂಚಿನ ಮೇಲೆ ಕೂತ ಹನ್ನೆರಡನೆಯವನೂ ಹೇಳಿ, ಮರುದಿನ ಎಂದಿನಂತೆ ಅಭ್ಯಾಸಕ್ಕೆ ಬರುವಂತಾದರೆ ಅದು ತಂಡದ ಬಲ.