ಲಾಹೋರಿಗೆ ಹೋಗುವವರಿಗೆ

ಲಾಹೋರನ್ನು ಕಾಣದವನು ಹುಟ್ಟಿಯೇ ಇಲ್ಲವೆಂಬುದು ಪಂಜಾಬಿಗಳ ಗಾದೆ. ಆ ಲೆಕ್ಕದಲ್ಲಿ ನಾನು ಹುಟ್ಟಿದ್ದು 2018ರ ಮಾರ್ಚ್ ತಿಂಗಳಿನಲ್ಲಿ. ವಿಚಾರಗೋಷ್ಠಿಯೊಂದರ ನಿಮಿತ್ತ ಅಮೃತಸರದಿಂದ ಹೊರಟು ಅಟಾರಿ-ವಾಘಾ ಗಡಿಯನ್ನು ಕಾಲ್ನಡಿಗೆಯಲ್ಲಿ ದಾಟಿದೆ. ದಾಟಿದೊಡನೆ ಕೈಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಬೇಕು. ನಮ್ಮವರಿಗೆ ಆಗ ದೊರೆಯುತ್ತಿದ್ದ ವೀಸಾ ಹೆಸರಿಸಿದ ಊರುಗಳಿಗೆ ಮಾತ್ರ. ಲಾಹೋರೆಂದು ಬರೆದಿದ್ದರೆ ಲಾಹೋರು, ಅಷ್ಟೆ.

2025ರ ಏಪ್ರಿಲ್‌ನಲ್ಲಿ ಅಟಾರಿಯ ದ್ವಾರ ಮುಚ್ಚಿತು. ಮುಚ್ಚಿದ ದಾರಿಯ ಊರಿನ ರೀತಿನೀತಿ ನಮಗೇಕೆಂದು ವಾಚಕರು ಕೇಳಬಹುದು. ಈ ದಾರಿ ಹಿಂದೆಯೂ ಮುಚ್ಚಿದ್ದುಂಟು, ತೆರೆದದ್ದೂ ಉಂಟು.

ಹಿಂದಿ ಬಲ್ಲವರಿಗೆ ಮಾತಿನ ತೊಡಕಿಲ್ಲ. ಮನೆಯ ಮಾತು ಪಂಜಾಬಿ, ಅಂಗಡಿಯ ಫಲಕ ಉರ್ದು. 'ಅಸ್ಸಲಾಮು ಅಲೈಕುಂ' ಎಂದವರಿಗೆ 'ವ ಅಲೈಕುಂ ಅಸ್ಸಲಾಂ' ಎನ್ನಬೇಕು. 'ತುಮ್' ಬಿಟ್ಟು 'ಆಪ್' ಹಿಡಿಯಬೇಕು. ಸ್ತ್ರೀಯರು ತಾವಾಗಿ ಕೈ ನೀಡದ ಹೊರತು ಗಂಡಸರು ಕೈ ಚಾಚಬಾರದು. ಬಲಗೈಯನ್ನು ಎದೆಗಿರಿಸಿ ತಲೆ ಬಾಗಿದರೆ ಸಾಕು. ಸೇತುವೆ, ರೈಲು ನಿಲ್ದಾಣ, ಸೈನಿಕ ಠಾಣೆಗಳತ್ತ ಕ್ಯಾಮೆರಾ ತಿರುಗಿಸಬೇಡಿ. ರಂಜಾನಿನ ಹಗಲಿನಲ್ಲಿ ಬೀದಿಯಲ್ಲಿ ತಿನ್ನುವುದು ಅಸಭ್ಯತೆ ಮಾತ್ರವಲ್ಲ, 1981ರ ಶಾಸನದಂತೆ ಅಪರಾಧವೂ ಹೌದು.

ಔರಂಗಜೇಬನು ಕಟ್ಟಿಸಿದ ಬಾದಶಾಹಿ ಮಸೀದಿಯನ್ನು ಯಾರಾದರೂ ತೋರಿಸಿಯಾರು. ಅಲ್ಲಿನ ಅಂಗಳ ಬಿಸಿಲಿಗೆ ಕಾಯುತ್ತದೆ. ಪಾದರಕ್ಷೆ ಬಿಡಬೇಕಾದ್ದರಿಂದ ಕಾಲುಚೀಲ ಜೊತೆಗಿರಲಿ. ನನ್ನ ಮನಸ್ಸು ನಿಂತದ್ದು ವಜೀರ್ ಖಾನ್ ಮಸೀದಿಯಲ್ಲಿ. ಷಾಜಹಾನನ ಕಾಲದ ಆ ಗೋಡೆಗಳ ಮೇಲೆ ಹಳದಿ, ನೀಲಿ, ಹಸಿರು ಹೆಂಚಿನ ಹೂಬಳ್ಳಿಗಳು ಇನ್ನೂ ಬಾಡಿಲ್ಲ. ಅಲ್ಲಿಗೆ ಹೋಗುವುದು ದಿಲ್ಲಿ ದರವಾಜದ ಮೂಲಕ. ದಿಲ್ಲಿಯ ಕೆಂಪುಕೋಟೆಯಲ್ಲಿ ಲಾಹೋರಿ ದರವಾಜವಿರುವುದನ್ನು ನೆನೆದುಕೊಂಡೆ.

ಸಸ್ಯಾಹಾರಿಗಳು ಹಸಿದಿರಬೇಕಾಗಿಲ್ಲ. ಬೆಳಗಿನ ಹಲ್ವಾ-ಪೂರಿ ಮತ್ತು ಕಡಲೆಕಾಳಿನ ಪಲ್ಯ ಮಧ್ಯಾಹ್ನದವರೆಗೆ ಹೊಟ್ಟೆ ಕಾಯುತ್ತವೆ. ಆದರೆ 'ಗೋಷ್ತ್ ಬೇಡ' ಎಂದಷ್ಟಕ್ಕೇ ನಿಲ್ಲದೆ, ಬೇಳೆಗೆ ಮಾಂಸದ ಸಾರು ಬೆರೆತಿದೆಯೇ ಎಂದೂ ವಿಚಾರಿಸಬೇಕು.

ಎಲ್ಲಕ್ಕಿಂತ ಕಠಿನವಾದುದು ಆತಿಥ್ಯ. ಅನಾರ್ಕಲಿ ಬಜಾರಿನಲ್ಲಿ ಒಂದು ಜೊತೆ ಜುತ್ತಿ ಕೊಂಡೆ. ಭಾರತದವನೆಂದು ತಿಳಿದೊಡನೆ ಅಂಗಡಿಯ ಮುದುಕರು ಚಹಾ ತರಿಸಿ, ಹಣ ಮುಟ್ಟಲೊಪ್ಪಲಿಲ್ಲ. ಎರಡು ಮೂರು ಬಾರಿ ಒತ್ತಾಯಿಸುವುದು ಮರ್ಯಾದೆ; ಆಮೇಲೂ ನೋಟು ಚಾಚಿದರೆ ಅವಮಾನ. ಹಾಗೆಂದು ಇನ್ನೊಂದು ಜೊತೆ ಆರಿಸತೊಡಗಬಾರದಷ್ಟೆ! ಅವರ ತಂದೆ ಜಲಂಧರದವರಂತೆ. 1947ರಲ್ಲಿ ಬಿಟ್ಟುಬಂದ ಬೀದಿಯ ಹೆಸರು ಹೇಳಿ, ಅದು ಈಗಲೂ ಇದೆಯೇ ಎಂದರು. ನನಗೆ ತಿಳಿಯದು. ಸಂಕೋಚವನ್ನು ಮುಚ್ಚಲು, ನಮ್ಮಲ್ಲಿ ಬಾಗಿಲಲ್ಲಿ ನಿಂತು ಎಲ್ಲರೂ ಆಡುವ ಮಾತನ್ನೇ ಆಡಿಬಿಟ್ಟೆ: "ನೀವೂ ಒಮ್ಮೆ ನಮ್ಮ ಕಡೆಗೆ ಬನ್ನಿ."

ಅವರು ಎರಡು ಸಲ ಅರ್ಜಿ ಹಾಕಿದ್ದರಂತೆ, ವೀಸಾ ಬರಲಿಲ್ಲವಂತೆ. ಲಾಹೋರಿನಲ್ಲಿ ಆಡುವ ಮುನ್ನ ಯೋಚಿಸಬೇಕಾದ ಮಾತು ಇದೊಂದೇ.

ಮುದುಕರೇ ನನ್ನನ್ನು ಪಾರುಮಾಡಿದರು. ಪೊಟ್ಟಣಕ್ಕೆ ದಾರ ಸುತ್ತುತ್ತ, "ಹೊಸತರಲ್ಲಿ ಕಾಲು ಕಚ್ಚುತ್ತದೆ, ಸಾಸಿವೆ ಎಣ್ಣೆ ಸವರಿ" ಎಂದರು.