ತುಳಸಿ ಎಲೆಯಲ್ಲಿ ಸಿಕ್ಕ ಎರಡು ವಸ್ತು

ಉಜ್ಜಿನಿ, ಕೊಟ್ಟೂರು ಕಡೆ ‘ಕರೆಂಟು ಕೊಡಿಸೋದು’ ಅಂದರೆ ಕ್ಯಾನ್ಸರಿಗೆ ಮಾಡುವ ವಿಕಿರಣ ಚಿಕಿತ್ಸೆ. ಅದರ ಹಳೆಯ ತೊಡಕೆಂದರೆ, ಗೆಡ್ಡೆಯನ್ನು ಕೊಲ್ಲುವ ಕಿರಣ ಸುತ್ತಲಿನ ಒಳ್ಳೆಯ ಜೀವಕೋಶಗಳನ್ನೂ ಬಿಡುವುದಿಲ್ಲ. ನಮ್ಮ ದೇಹದಲ್ಲಿ ಹೆಚ್ಚಿನ ಪಾಲು ನೀರು. ಗಾಮಾ ಕಿರಣ ಆ ನೀರನ್ನು ಒಡೆದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಚೂರುಗಳು ಹುಟ್ಟುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಅವು ಪಕ್ಕದ ಡಿಎನ್ಎ ಎಳೆಗಳನ್ನು ಕಡಿದಿರುತ್ತವೆ.

ಈ ಚೂರುಗಳನ್ನು ಮೊದಲೇ ಹಿಡಿದು ಹಾಕಬಹುದೇ? 1949ರಲ್ಲಿ ಅಮೆರಿಕದ ಹಾರ್ವಿ ಪ್ಯಾಟ್ ಮತ್ತು ಸಂಗಡಿಗರು ಸಿಸ್ಟೀನ್ ಎಂಬ ಅಮೈನೊ ಆಮ್ಲವನ್ನು ಮುಂಚಿತವಾಗಿ ಕೊಟ್ಟು ಎಕ್ಸ್-ರೇಗೆ ಒಡ್ಡಿದ ಇಲಿಗಳನ್ನು ಉಳಿಸಿ ತೋರಿಸಿದರು. ಆಮೇಲೆ ಅಲ್ಲಿನ ಸೇನೆಯ ವಾಲ್ಟರ್ ರೀಡ್ ಸಂಸ್ಥೆ ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿತು. ಅವುಗಳಲ್ಲಿ ಗೆದ್ದು ಬಂದದ್ದು ಡಬ್ಲ್ಯುಆರ್-2721, ಈಗಿನ ಹೆಸರು ಅಮಿಫೋಸ್ಟಿನ್. ಅದು ಕೆಲಸ ಮಾಡುತ್ತದೆ, ಆದರೆ ವಾಂತಿ ತರಿಸುತ್ತದೆ, ರಕ್ತದೊತ್ತಡ ಕುಸಿಯುವಂತೆ ಮಾಡುತ್ತದೆ.

ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ರೇಡಿಯೋಬಯಾಲಜಿ ವಿಭಾಗದ ಪಿ. ಉಮಾದೇವಿ ಇಷ್ಟು ವಿಷವಿಲ್ಲದ ರಕ್ಷಕವನ್ನು ಗಿಡಗಳಲ್ಲಿ ಹುಡುಕಿದರು. 1995ರಲ್ಲಿ ಅವರೂ ಎ. ಗಣಸೌಂದರಿಯವರೂ ತುಳಸಿಯ ಫಲಿತಾಂಶ ಪ್ರಕಟಿಸಿದರು. ಮದ್ಯಸಾರದಲ್ಲಿ ತೆಗೆದ ಸಾರಕ್ಕಿಂತ ನೀರಿನಲ್ಲಿ ತೆಗೆದ ಸಾರವೇ ಮೇಲಾಗಿತ್ತು. ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ಐದು ದಿನ ಕೊಟ್ಟಾಗ, ಇಲಿಗಳನ್ನು ಕೊಲ್ಲಲು 1.28 ಪಟ್ಟು ವಿಕಿರಣ ಬೇಕಾಯಿತು.

ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ಇಲ್ಲಿಂದ ಮುಂದಿನದು. ತುಳಸಿ ಒಳ್ಳೆಯದು ಅನ್ನುವುದಕ್ಕೆ ನಮ್ಮಲ್ಲಿ ಯಾರಿಗೂ ಪ್ರಯೋಗಾಲಯ ಬೇಕಿರಲಿಲ್ಲ. ಎಲೆಯೊಳಗಿನ ಯಾವ ವಸ್ತು, ಎಷ್ಟು, ಯಾವ ಹೊತ್ತಿಗೆ ಎಂದು ಮಣಿಪಾಲದವರು ಬೆನ್ನು ಹತ್ತಿದರು. ಎಲೆಯಿಂದ ಫ್ಲೇವನಾಯ್ಡ್ ಎಂಬ ಬಗೆಯ ಎರಡು ವಸ್ತುಗಳನ್ನು ಬೇರ್ಪಡಿಸಿದರು: ಓರಿಯೆಂಟಿನ್ ಮತ್ತು ವೈಸೆನಿನ್. ಕಿಲೋ ತೂಕಕ್ಕೆ ಬರೀ 50 ಮೈಕ್ರೋಗ್ರಾಂ, ಅಂದರೆ ಐದು ದಿನದ ಸಾರದ ಸಾವಿರದ ಒಂದು ಪಾಲು! ಅದನ್ನು ಇಲಿಯ ಹೊಟ್ಟೆಯೊಳಕ್ಕೆ ಚುಚ್ಚಿ, ಅರ್ಧ ಗಂಟೆಯ ಮೇಲೆ ಕೋಬಾಲ್ಟ್ ಕಿರಣಕ್ಕೆ ಒಡ್ಡಿದರು. 1999ರ ವರದಿಯಲ್ಲಿ, ಸಾರಕ್ಕೆ 1.28 ಇದ್ದ ಆ ಅಂಕಿ ಓರಿಯೆಂಟಿನ್‌ಗೆ 1.30, ವೈಸೆನಿನ್‌ಗೆ 1.37. ಮರುವರ್ಷ ಉಮಾದೇವಿ, ಕೆ.ಕೆ. ಶ್ರೀನಿವಾಸನ್, ಎಂ.ಕೆ. ಉನ್ನಿಕೃಷ್ಣನ್ ಮೊದಲಾದವರ ಜೊತೆ ಕಾರಣವನ್ನೂ ಹಿಡಿದರು: ಇವು ಹೈಡ್ರಾಕ್ಸಿಲ್ ಚೂರುಗಳನ್ನೇ ಅಡಗಿಸುತ್ತವೆ. 2001ರಲ್ಲಿ ಬಿ. ವೃಂದಾ ಮತ್ತು ಉಮಾದೇವಿ, ಗಾಜಿನ ನಳಿಕೆಯಲ್ಲಿಟ್ಟ ಮನುಷ್ಯರ ರಕ್ತಕಣಗಳಲ್ಲೂ ವರ್ಣತಂತುಗಳು ಮುರಿಯುವುದು ಕಡಿಮೆಯಾದದ್ದನ್ನು ಕಂಡರು.

ಇದನ್ನೋದಿ ಕರೆಂಟು ಕೊಡಿಸಿಕೊಳ್ಳುತ್ತಿರುವವರು ತಾವಾಗಿ ಕಷಾಯ ಕುದಿಸಿಕೊಳ್ಳಬಾರದು. ಇಲಿಗೆ ಚುಚ್ಚಿದ ಶುದ್ಧ ವಸ್ತುವೂ ಲೋಟದ ಕಷಾಯವೂ ಒಂದಲ್ಲ. ರಕ್ಷಣೆ ಗೆಡ್ಡೆಗೂ ಸಿಗಬಾರದಲ್ಲ! ಗಿಡದ್ದು ಎಂದ ಮಾತ್ರಕ್ಕೆ ಅಳತೆ ತಪ್ಪಿದರೂ ನಡೆಯುತ್ತದೆ ಎಂದಲ್ಲ. ಕೂಡ್ಲಿಗಿ ಕಡೆ ಬೆಳೆಯುವ ಸಜ್ಜೆಯಲ್ಲಿ ಓರಿಯೆಂಟಿನ್‌ನ ಹತ್ತಿರದ ನೆಂಟ ವಸ್ತುಗಳಿವೆ. ಸುಡಾನಿನ ದಾರ್ಫುರ್‌ನಲ್ಲಿ ಸಜ್ಜೆಯನ್ನೇ ನೆಚ್ಚಿದ ಜನರ ಗಳಗಂಡ ರೋಗಕ್ಕೆ, ಅಯೋಡಿನ್ ಕೊರತೆಯ ಜೊತೆಗೆ, ಆ ವಸ್ತುಗಳೂ ಕಾರಣವೆಂದು 1989ರಲ್ಲೇ ವಿಜ್ಞಾನಿಗಳು ಬರೆದಿದ್ದರು.