ಬರೆದಿಟ್ಟ ಕಾನೂನಿನ ಕಾವಲು

ದೇವಣಿ, ನಿಲಂಗಾ, ಉಮರಗಾ ಸೀಮೆಯ ಜನರಿಗೆ ಬಸವಕಲ್ಯಾಣವು ದೂರದ ಊರಲ್ಲ. ಆರನೆಯ ವಿಕ್ರಮಾದಿತ್ಯನು (1076–1126) ಅಲ್ಲಿಂದ ಆಳುತ್ತಿದ್ದ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯಲ್ಲಿ ಸಾಲಗಾರನನ್ನು ಕಾಯುವ ಒಂದು ಸಣ್ಣ ನಿಯಮವಿದೆ. ಸಾಲವನ್ನು ಕಂತುಕಂತಾಗಿ ತೀರಿಸುವವನು ಕೊಟ್ಟ ಹಣವನ್ನು ಪ್ರತಿ ಸಲವೂ ಸಾಲಪತ್ರದ ಹಿಂಬದಿಯಲ್ಲಿ ಬರೆಯಬೇಕು. ಸಾಲ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು. ಬಲಾತ್ಕಾರದಿಂದ ಬರೆಸಿಕೊಂಡ ಪತ್ರಕ್ಕೆ ಬೆಲೆಯಿಲ್ಲ. ತೀರಿದ ಸಾಲವನ್ನು ಮತ್ತೊಮ್ಮೆ ಕೇಳುವವನ ಎದುರಿನಲ್ಲಿ ಬಡವನಿಗೆ ಆ ನಾಲ್ಕು ಅಕ್ಷರಗಳೇ ಸಾಕ್ಷಿ.

ಇದಕ್ಕಿಂತ ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆ ರೋಮ್ ನಗರದ ಸಾಮಾನ್ಯರೂ ಇದನ್ನೇ ಬೇಡಿದ್ದರು. ಅಲ್ಲಿ ಕಾನೂನು ಕುಲೀನರ ಬಾಯಲ್ಲಿತ್ತು. ಅವರು ಹೇಳಿದ್ದೇ ನ್ಯಾಯವಾಗಿತ್ತು. ಜನರ ದೀರ್ಘ ಒತ್ತಾಯದ ಫಲವಾಗಿ ಕ್ರಿ.ಪೂ. 451–450ರಲ್ಲಿ ಹನ್ನೆರಡು ಫಲಕಗಳ ಮೇಲೆ ಕಾನೂನನ್ನು ಬರೆದು ಊರ ಚೌಕದಲ್ಲಿ ನಿಲ್ಲಿಸಲಾಯಿತು. ಸಾಲ ತೀರಿಸಲು ತೀರ್ಪಾದವನಿಗೆ 30 ದಿನಗಳ ಗಡುವು ಕೊಡಬೇಕು. ಸೆರೆಯಲ್ಲಿಟ್ಟರೆ ಊಟವಿಲ್ಲದೆ ಇಡಬಾರದು. ಮೂರು ಸಂತೆಗಳಲ್ಲಿ ಅವನ ಸಾಲವನ್ನು ಬಹಿರಂಗವಾಗಿ ಸಾರಬೇಕು. ಕಾನೂನು ಕಠೋರವೇ ಆಗಿತ್ತು. ಆದರೆ ಆ ಕಠೋರತೆಗೂ ಒಂದು ಮೇರೆ ಇತ್ತು, ಅದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಕುಲೀನರೊಡನೆ ಸಾಮಾನ್ಯರ ವಿವಾಹವನ್ನು ನಿಷೇಧಿಸಿದ್ದ ವಿಧಿಯನ್ನು ಕ್ರಿ.ಪೂ. 445ರಲ್ಲಿ ಜನರು ಹೋರಾಡಿ ತೆಗೆಸಿದರು. ಬರೆದದ್ದನ್ನು ಓದಬಹುದು, ಓದಿದ್ದನ್ನು ಪ್ರಶ್ನಿಸಬಹುದು.

ದೇವಣಿ ಸೀಮೆಗೆ ಇಂತಹ ಬರಹವು ಬಂದುದು 1956ರಲ್ಲಿ. ಆ ವರ್ಷದ ನವೆಂಬರ್ 1ರಂದು ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ್‌ನ ಉಳಿದ ಕನ್ನಡ ಭಾಗವು ಮೈಸೂರು ರಾಜ್ಯಕ್ಕೆ ಹೋಯಿತು. ಮನೆಮಾತು ಬದಲಾಗಲಿಲ್ಲ, ರಾಜ್ಯ ಬದಲಾಯಿತು. ಹೀಗೆ ಗಡಿಯಾಚೆ ಉಳಿದವರನ್ನು ನೆನೆದು, ರಾಜ್ಯ ಪುನರ್ವಿಂಗಡಣಾ ಆಯೋಗದ ಶಿಫಾರಸಿನ ಹಿನ್ನೆಲೆಯಲ್ಲಿ, ಸಂವಿಧಾನದ ಏಳನೆಯ ತಿದ್ದುಪಡಿಯು ಎರಡು ವಿಧಿಗಳನ್ನು ಸೇರಿಸಿತು. 350–ಎ ವಿಧಿಯಂತೆ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸತಕ್ಕದ್ದು. 350–ಬಿ ವಿಧಿಯು ಈ ರಕ್ಷಣೆಗಳನ್ನು ಪರಿಶೀಲಿಸಿ ರಾಷ್ಟ್ರಪತಿಗೆ ವರದಿ ಮಾಡುವ ವಿಶೇಷ ಅಧಿಕಾರಿಯನ್ನು ನೇಮಿಸಿತು. ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು 30ನೆಯ ವಿಧಿಯಲ್ಲಿ ಮೊದಲೇ ಇತ್ತು.

‘ಪ್ರಯತ್ನಿಸತಕ್ಕದ್ದು’ ಎಂಬ ಮಾತು ಮೃದುವಾದುದು. ಅದಕ್ಕೆ ಅಳತೆ ಕೊಟ್ಟದ್ದು 1949ರಲ್ಲಿ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಪ್ಪಿದ ಸೂತ್ರ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಾಗಿದ್ದರೆ ಅವರ ಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನಾದರೂ ನೇಮಿಸಬೇಕು. ಆದುದರಿಂದ ಗಡಿಯ ಊರಿನಲ್ಲಿ ಕನ್ನಡ ತರಗತಿಗೆ ಹೆಸರು ಹಚ್ಚುವ ಒಂದೊಂದು ಮಗುವೂ ಲೆಕ್ಕಕ್ಕೆ ಬರುತ್ತದೆ. ಹತ್ತನೆಯ ಮಗು ಬೇರೆ ಶಾಲೆಗೆ ಹೋದರೆ, ಉಳಿದ ಒಂಬತ್ತು ಮಕ್ಕಳ ಕೇಳಿಕೆಯ ಬಲವೂ ಕುಗ್ಗುತ್ತದೆ.

ರೋಮ್‌ನ ಕಥೆಗೆ ಇನ್ನೊಂದು ಅಧ್ಯಾಯವಿದೆ. ಫಲಕಗಳು ನಿಂತ ಮೇಲೂ ನ್ಯಾಯಾಲಯ ಯಾವ ದಿನ ಕೂಡುತ್ತದೆ, ದಾವೆಯನ್ನು ಯಾವ ಮಾತಿನಲ್ಲಿ ಹೂಡಬೇಕು ಎಂಬುದು ಪುರೋಹಿತರಿಗಷ್ಟೇ ತಿಳಿದಿತ್ತು. ಸುಮಾರು ಕ್ರಿ.ಪೂ. 304ರಲ್ಲಿ ಬಿಡುಗಡೆ ಹೊಂದಿದ ದಾಸನ ಮಗನಾದ ಗ್ನೇಯಸ್ ಫ್ಲೇವಿಯಸ್ ಎಂಬ ಕರಣಿಕನು ಅದನ್ನೂ ಬರೆದು ಬಹಿರಂಗಪಡಿಸಿದನು. ಆಗಲೇ ಕಾನೂನು ನಿಜವಾಗಿ ಜನರ ಕೈಗೆ ಬಂದಿತು.

ಇಂದಿನ ಪಾಲಕರಿಗೂ ದಾರಿ ಅದೇ. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು 350ನೆಯ ವಿಧಿಯು ಅವಕಾಶ ನೀಡಿದೆ. ಶಿಕ್ಷಕರಿಲ್ಲ, ಪುಸ್ತಕ ಬಂದಿಲ್ಲ ಎಂಬುದನ್ನು ಬಾಯಲ್ಲಿ ಹೇಳಿ ಮರಳುವುದಕ್ಕಿಂತ, ಮಕ್ಕಳ ಸಂಖ್ಯೆಯನ್ನು ಕಾಣಿಸಿ, ಬರೆದು ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳುವುದು ಲೇಸು. ಸಾಲಪತ್ರದ ಹಿಂಬದಿಯ ಬರಹದಂತೆ, ಮುಂದೊಂದು ದಿನ ಆ ಕಾಗದವೇ ಮಕ್ಕಳ ಪರವಾಗಿ ಮಾತಾಡುತ್ತದೆ.